ಸಫಾರಿಗೆ ದುಡ್ಡಿಲ್ಲ, ಮಸಾಯಿ ಮ್ಯೂಸಿಯಂ ನೋಡಿದ್ರೆ ಸಾಕಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು. ಅಕ್ಕ ಭಾವ ಕೆನ್ಯಾದ ನೈರೋಬಿಯಲ್ಲಿದ್ದಾರೆ, ಸೆಪ್ಟೆಂಬರ್‌ನಲ್ಲಿ ಹನ್ನೆರಡು ದಿನ ಅವರ ಮನೆಗೆ ಹೋಗ್ತಿದ್ದೀನಿ. ಊಟ ವಸತಿ ಚಿಂತೆ ಇಲ್ಲ, ಆದ್ರೆ ಮಸಾಯಿ ಮಾರಾ ಅಭಯಾರಣ್ಯದ ಸಫಾರಿ ರೇಟ್ ಕೇಳಿ ಸುಮ್ಮನಾದೆ. ನನಗೆ ಪ್ರಾಣಿಗಳಿಗಿಂತ ಆ ಕಡೆ ದನ ಕಾಯೋ ಮಸಾಯಿ ಜನರ ಬಗ್ಗೆನೇ ಕುತೂಹಲ. ಅವರ ಸಂಸ್ಕೃತಿ ತೋರಿಸೋ ಮ್ಯೂಸಿಯಂ ಎಲ್ಲಿದೆ, ಬಸ್ಸಲ್ಲಿ ಹೋಗಿ ಬರಬಹುದಾ? ಭಾವ ಹೇಳ್ತಾರೆ ಮ್ಯೂಸಿಯಂ ಅಂದ್ರೆ ಗಾಜಿನ ಪೆಟ್ಟಿಗೆ ನೋಡ್ಕೊಂಡು ಬರೋದು, ಅದಕ್ಕಿಂತ ಒಂದು ಹಳ್ಳಿ ಟೂರ್ ಮಾಡು ಅಂತ. ನೀವೇನಂತೀರಿ?

ಉತ್ತರ: ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಗಾಜಿನ ಪೆಟ್ಟಿಗೆ ಇರೋದು ನಿಜ, ಒಬ್ಬರೇ ಹೋಗಿ ಹತ್ತು ನಿಮಿಷದಲ್ಲಿ ಸುತ್ತು ಹಾಕಿ ಬಂದ್ರೆ ಒಂದಷ್ಟು ಸೋರೆಬುರುಡೆ, ಈಟಿ, ಮಣಿಸರ ನೋಡಿದ ಹಾಗಾಗುತ್ತೆ ಅಷ್ಟೇ. ಆದ್ರೆ ಅದೇ ಪೆಟ್ಟಿಗೆ ಮುಂದೆ ಆ ಕಡೆಯವರೇ ಆದ ಗೈಡ್ ಒಬ್ಬರನ್ನ ನಿಲ್ಲಿಸ್ಕೊಂಡು ಒಂದೂವರೆ ಗಂಟೆ ಮಾತಾಡ್ಸಿದ್ರೆ ಕಥೆನೇ ಬೇರೆ. ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಓದಿದೋಳು, ಆಮೇಲೆ ಯಜಮಾನರ ಕೆಲಸದ ಮೇಲೆ ನೈರೋಬಿಯಲ್ಲಿ ಆರು ವರ್ಷ ಇದ್ವಿ, ಊರಿಂದ ಬಂದ ನೆಂಟರನ್ನೆಲ್ಲ ಕಟ್ಕೊಂಡು ಈ ಮ್ಯೂಸಿಯಂಗಳನ್ನ ಎಷ್ಟು ಸಲ ಸುತ್ತಿದ್ದೀನೋ ಲೆಕ್ಕ ಇಟ್ಟಿಲ್ಲ. ಅಷ್ಟರಲ್ಲಿ ಗೊತ್ತಾಗಿದ್ದು ಏನಂದ್ರೆ, ಸಫಾರಿ ಜೀಪಲ್ಲಿ ಬರೋರ ಹತ್ರ ದುಡ್ಡಿರುತ್ತೆ ಟೈಮ್ ಇರಲ್ಲ, ಹೊರಗಡೆ ಡ್ರೈವರ್ ಹಾರ್ನ್ ಹೊಡಿತಾ ಇರ್ತಾನೆ, ಮಟಾಟು, ಅಂದ್ರೆ ಅಲ್ಲಿನ ಬಾಡಿಗೆ ವ್ಯಾನ್, ಹತ್ತಿ ಬಂದೋರಿಗೆ ಇಡೀ ದಿನ ಇರುತ್ತೆ. ಮ್ಯೂಸಿಯಂ ಬಾಯಿ ಬಿಡೋದು ಟೈಮ್ ಇದ್ದೋರ ಮುಂದೆನೇ. ಹಾಗಾಗಿ ಕೈಯಲ್ಲಿ ದುಡ್ಡಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಈ ಒಂದು ವಿಷಯದಲ್ಲಿ ಅದು ನಿಮಗೆ ಲಾಭನೇ.

ಮೊದಲು ದುಡ್ಡಿನ ಲೆಕ್ಕ ಮುಗಿಸಿಬಿಡೋಣ. ಮಸಾಯಿ ಮಾರಾ ಒಳಗೆ ಕಾಲಿಡೋಕೆ ವಿದೇಶಿಯರಿಗೆ ಜುಲೈಯಿಂದ ಡಿಸೆಂಬರ್‌ವರೆಗೆ ಒಂದು ದಿನಕ್ಕೆ 200 ಡಾಲರ್, ಜನವರಿಯಿಂದ ಜೂನ್ ಆದ್ರೆ 100. 2024ರಿಂದ ಈ ರೇಟು. ಜೀಪು, ಊಟ, ರೂಮು ಎಲ್ಲ ಆಮೇಲೆ, ಇದು ಬರೀ ಗೇಟ್ ಟಿಕೆಟ್ಟು. ನೀವು ಸೆಪ್ಟೆಂಬರಲ್ಲಿ ಹೋಗ್ತಿರೋದ್ರಿಂದ ಪೂರ್ತಿ 200 ಬೀಳುತ್ತೆ. ಇನ್ನು ಭಾವ ಹೇಳಿದ ಹಳ್ಳಿ ಟೂರ್, ಮಾರಾ ಗೇಟಿನ ಆಸುಪಾಸು ಅದಕ್ಕೆ ಸಾಮಾನ್ಯವಾಗಿ ತಲೆಗೆ 20-30 ಡಾಲರ್ ಕೇಳ್ತಾರೆ, ಜೊತೆಗೆ ಅಲ್ಲಿಗೆ ಹೋಗೋ ಗಾಡಿ ಖರ್ಚು ಬೇರೆ.

ಆ ಹಳ್ಳಿ ಟೂರ್ ನಾನೂ ಮಾಡಿದ್ದೀನಿ, ನೈರೋಬಿಗೆ ಹೋದ ಮೊದಲನೇ ವರ್ಷವೇ. ಡ್ರೈವರ್ ಕರ್ಕೊಂಡು ಹೋಗಿ ಇಳಿಸಿದ, ಏಳೆಂಟು ಜನ ಗಂಡಸರು ಸಾಲಾಗಿ ನಿಂತು ಹಾಡಿ ಎಗರಿದ್ರು, ನಮ್ಮ ಯಜಮಾನರನ್ನೂ ಎಗರಿಸಿದ್ರು, ಒಂದು ಮನೆ ಒಳಗೆ ಬಗ್ಗಿ ಹೋಗಿ ಬಂದ್ವಿ, ಎರಡು ಕಡ್ಡಿ ಉಜ್ಜಿ ಬೆಂಕಿ ಮಾಡಿ ತೋರಿಸಿದ್ರು, ಆಮೇಲೆ ಸೀದಾ ಹಿಂದುಗಡೆ ಅಂಗಡಿ ಸಾಲಿಗೆ. ಅಲ್ಲಿ ನನ್ನ ಕೈಗೆ ಒಂದಾದ ಮೇಲೊಂದು ಬಳೆ ಹಾಕಿ ಪೇಟೆಯಲ್ಲಿ ಇರೋದಕ್ಕಿಂತ ನಾಲ್ಕು ಪಟ್ಟು ರೇಟ್ ಹೇಳಿದ್ರು. ನಲವತ್ತು ನಿಮಿಷದಲ್ಲಿ ಎಲ್ಲ ಮುಗೀತು. ಕೊಟ್ಟ ದುಡ್ಡಲ್ಲಿ ಆ ಹೆಂಗಸರ ಕೈಗೆ ಎಷ್ಟು ಹೋಯ್ತು, ಕರ್ಕೊಂಡು ಬಂದೋನ ಜೇಬಿಗೆ ಎಷ್ಟು ಹೋಯ್ತು ಅಂತ ಕೇಳಿದ್ದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಎಲ್ಲಾ ಹಳ್ಳಿ ಟೂರೂ ಹಿಂಗೇ ಅಂತ ನಾನು ಹೇಳಲ್ಲ, ಊರಿನವರೇ ಸೇರಿ ಚೆನ್ನಾಗಿ ನಡೆಸೋದೂ ಇದೆ. ನನ್ನ ತೊಂದರೆ ಏನಾಗಿತ್ತು ಅಂದ್ರೆ ಏನು ಕೇಳಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ, ಆ ಮನೆ ಕಟ್ಟಿದ್ದು ಯಾರು, ಆ ಹುಡುಗರ ತಲೆ ಬೋಳಿಸಿದ್ದು ಯಾಕೆ, ಬೇಲಿಗೆ ನಾಲ್ಕು ಬಾಗಿಲು ಯಾಕೆ, ಒಂದೂ ಹೊಳೀಲಿಲ್ಲ. ಮ್ಯೂಸಿಯಂ ಮೊದಲು ನೋಡಿದ್ರೆ ಅವೆಲ್ಲ ಹೊಳಿಯುತ್ತೆ. ಅದಕ್ಕೇ ನಾನು ಹೇಳೋ ಕ್ರಮ: ಮೊದಲು ಮ್ಯೂಸಿಯಂ, ಆಮೇಲೆ ದುಡ್ಡೂ ಮನಸ್ಸೂ ಎರಡೂ ಉಳಿದಿದ್ರೆ ಹಳ್ಳಿ.

ಈಗ ಎಲ್ಲಿಗೆ ಹೋಗಬೇಕು ಅಂತ. ನಿಮ್ಮ ಹನ್ನೆರಡು ದಿನಕ್ಕೆ ಎರಡು ಜಾಗ ಸಾಕು, ನೈರೋಬಿಯ ನ್ಯಾಷನಲ್ ಮ್ಯೂಸಿಯಂ ಮತ್ತೆ ನಾರೋಕ್ ಪೇಟೆಯಲ್ಲಿರೋ ನಾರೋಕ್ ಮ್ಯೂಸಿಯಂ. ಮೂರನೇದು ಒಂದು ಗಡಿ ಆಚೆ ತಾಂಜಾನಿಯಾದಲ್ಲಿದೆ, ಅದನ್ನ ಕೊನೆಗೆ ಹೇಳ್ತೀನಿ.

ನೈರೋಬಿಯದು ದೊಡ್ಡದು, ಮ್ಯೂಸಿಯಂ ಹಿಲ್ ಮೇಲಿದೆ, ಪೇಟೆ ಮಧ್ಯದಿಂದ ಮಟಾಟುನಲ್ಲಿ ಸ್ವಲ್ಪ ಹೊತ್ತಿನ ದಾರಿ. 1910ರಲ್ಲಿ ಪ್ರಕೃತಿ ಅಧ್ಯಯನ ಮಾಡೋ ಸಂಘದವರು ಶುರು ಮಾಡಿದ ಸಂಗ್ರಹ ಅದು, ಈಗಿರೋ ಜಾಗದಲ್ಲಿ 1930ರಲ್ಲಿ ತೆರೆದಿದ್ದು, ಸ್ವಾತಂತ್ರ್ಯ ಬರೋವರೆಗೆ ಕೊರಿಂಡನ್ ಮ್ಯೂಸಿಯಂ ಅಂತ ಹೆಸರು, ದೊಡ್ಡ ರಿಪೇರಿ ಎಲ್ಲ ಆಗಿ 2008ರಲ್ಲಿ ಮತ್ತೆ ತೆರೀತು. ಅಲ್ಲಿ ಮಸಾಯಿಗಳಿಗೆ ಅಂತಲೇ ಬೇರೆ ವಿಭಾಗ ಹುಡುಕಬೇಡಿ. ಸೈಕಲ್ಸ್ ಆಫ್ ಲೈಫ್ ಅಂತ ಒಂದು ಗ್ಯಾಲರಿ ಇದೆ, ಹುಟ್ಟಿಂದ ಸಾವಿನವರೆಗೆ ಕೆನ್ಯಾದ ಬೇರೆ ಬೇರೆ ಸಮುದಾಯದವರು ಏನೇನು ಮಾಡ್ತಾರೆ ಅನ್ನೋದನ್ನ ಅಕ್ಕಪಕ್ಕ ಇಟ್ಟು ತೋರಿಸ್ತಾರೆ. ಅಲ್ಲಿ ನೋಡಿದಾಗ ಮಸಾಯಿಗಳು ಎಲ್ಲೋ ಆಕಾಶದಿಂದ ಇಳಿದೋರಲ್ಲ, ನಲವತ್ತಕ್ಕೂ ಹೆಚ್ಚು ಸಮುದಾಯ ಇರೋ ದೇಶದಲ್ಲಿ ಅವರೂ ಒಬ್ಬರು ಅಂತ ತಲೆಗೆ ಹೋಗುತ್ತೆ. 2019ರ ಜನಗಣತಿ ಪ್ರಕಾರ ಕೆನ್ಯಾದಲ್ಲಿ ಮಸಾಯಿಗಳು ಸುಮಾರು 12 ಲಕ್ಷ, ಇಡೀ ದೇಶ ಆಗ ನಾಲ್ಕೂಮುಕ್ಕಾಲು ಕೋಟಿ. ಪೋಸ್ಟ್‌ಕಾರ್ಡ್ ನೋಡಿದ್ರೆ ದೇಶ ಪೂರ್ತಿ ಅವರೇ ಇರೋ ಹಾಗೆ ಕಾಣುತ್ತೆ, ನಮ್ಮಲ್ಲಿ ಎಲ್ಲ ಜಾಹೀರಾತಲ್ಲೂ ಯಕ್ಷಗಾನದ ಕಿರೀಟ ಬರುತ್ತಲ್ಲ ಹಂಗೆ.

ಅದೇ ಮ್ಯೂಸಿಯಂನಲ್ಲಿ ಜಾಯ್ ಆಡಮ್‌ಸನ್ ಬರೆದ ಜಲವರ್ಣ ಚಿತ್ರಗಳಿವೆ, ಎಲ್ಸಾ ಅನ್ನೋ ಸಿಂಹದ ಮರಿ ಸಾಕಿದ್ರಲ್ಲ, ಅವರೇ. ಆಗಿನ ಬ್ರಿಟಿಷ್ ಸರ್ಕಾರ ಅವರಿಗೆ ಕೆನ್ಯಾದ ಜನರ ಸಾಂಪ್ರದಾಯಿಕ ಉಡುಗೆ ತೊಡುಗೆ ಚಿತ್ರ ಬರೆದುಕೊಡಿ ಅಂತ ಕೆಲಸ ಕೊಟ್ಟಿತ್ತು, ನೂರಾರು ಚಿತ್ರ ಬರೆದ್ರು. ನಾನು ನಿಮಗೆ ಒಂದು ಆಟ ಹೇಳ್ಕೊಡ್ತೀನಿ. ಆ ಚಿತ್ರಗಳಲ್ಲಿ, ಮತ್ತೆ ಇನ್ನೂ ಹಳೇ ಫೋಟೋಗಳಲ್ಲಿ, ಈಗ ನಾವು ಮಸಾಯಿ ಅಂದ ತಕ್ಷಣ ನೆನೆಸ್ಕೊಳ್ಳೋ ಕೆಂಪು ಚೌಕುಳಿ ಬಟ್ಟೆ ಹುಡುಕಿ. ಹಳೇ ಫೋಟೋಗಳಲ್ಲಿ ಹದ ಮಾಡಿದ ಕರು ಚರ್ಮ, ಕುರಿ ಚರ್ಮವೇ ಕಾಣೋದು. ಶೂಕಾ ಅನ್ನೋ ಆ ಹತ್ತಿ ಬಟ್ಟೆ ಮನೆಮನೆಗೆ ಬಂದಿದ್ದು ಕಳೆದ ಶತಮಾನದಲ್ಲಿ. ಗಾಜಿನ ಮಣಿನೂ ಅಷ್ಟೇ, ಯುರೋಪಿನಿಂದ ವ್ಯಾಪಾರಿಗಳು ತಂದು 19ನೇ ಶತಮಾನದ ಕೊನೆ ಹೊತ್ತಿಗೆ ಹೇರಳವಾಗಿ ಸಿಗೋಕೆ ಶುರುವಾಯ್ತು, ಅದಕ್ಕಿಂತ ಮುಂಚೆ ಬೀಜ, ಮೂಳೆ, ಚಿಪ್ಪು, ಕಬ್ಬಿಣದ ತಂತಿ. ಹೊರಗಿಂದ ಬಂದಿದ್ದನ್ನ ಹೆಂಗಸರು ತಮ್ಮದು ಮಾಡ್ಕೊಂಡು ಅದಕ್ಕೆ ಒಂದು ಭಾಷೆನೇ ಕಟ್ಟಿದ್ರು ಅನ್ನೋದು ನನಗಂತೂ ಇನ್ನೂ ಆಶ್ಚರ್ಯ. ನಮ್ಮ ಮೆಣಸಿನಕಾಯಿನೂ ಪೋರ್ಚುಗೀಸರು ತಂದಿದ್ದು ತಾನೆ, ಬ್ಯಾಡಗಿಯವರ ಹತ್ರ ಹೋಗಿ ಅದು ನಿಮ್ಮದಲ್ಲ ಅಂದು ನೋಡಿ!

ಟಿಕೆಟ್ ವಿಷಯ: ಕೆನ್ಯಾದಲ್ಲಿ ಸರ್ಕಾರಿ ಮ್ಯೂಸಿಯಂಗಳಲ್ಲಿ ದೇಶದವರಿಗೆ ಒಂದು ರೇಟು, ಅಲ್ಲೇ ವಾಸ ಇರೋರಿಗೆ ಒಂದು, ನಮ್ಮಂಥ ಹೊರಗಿನವರಿಗೆ ಇನ್ನೊಂದು. ಹೊರಗಿನವರದ್ದೇ ದುಬಾರಿ. ದುಡ್ಡು ನೋಟಲ್ಲಿ ಕೊಡೋ ಕಾಲ ಹೋಯ್ತು, ಇ-ಸಿಟಿಜನ್ ಅನ್ನೋ ಸರ್ಕಾರಿ ಪೋರ್ಟಲ್‌ನಲ್ಲಿ ಕಟ್ಟಬೇಕು, ಕಾರ್ಡ್ ಅಥವಾ ಎಂ-ಪೆಸಾ ನಡೆಯುತ್ತೆ. ಎಂ-ಪೆಸಾ ಅಂದ್ರೆ ನಮ್ಮ ಫೋನ್‌ಪೇ ಥರ, ಆದ್ರೆ ಅವರು 2007ರಲ್ಲೇ ಶುರು ಮಾಡಿದ್ರು, ಕೀಪ್ಯಾಡ್ ಫೋನಲ್ಲೂ ನಡೆಯುತ್ತೆ. ಅಕ್ಕನ ಫೋನಿಂದ ಕಟ್ಟಿಸಿ ಮುಗೀತು. ರೇಟು ಅದೇ ಪೋರ್ಟಲ್‌ನಲ್ಲಿ ಹೋಗೋ ಮುಂಚಿನ ದಿನ ನೋಡ್ಕೊಳ್ಳಿ. ಒಂದು ಕೆನ್ಯಾ ಶಿಲ್ಲಿಂಗ್ ಅಂದ್ರೆ ನಮ್ಮ 65-70 ಪೈಸೆ ಅಂತ ಲೆಕ್ಕ ಇಟ್ಕೊಳ್ಳಿ ಸಾಕು.

ಈಗ ನಾರೋಕ್. ಇದೇ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ. ನೈರೋಬಿಯಿಂದ ಪಶ್ಚಿಮಕ್ಕೆ ಸುಮಾರು 140-150 ಕಿಲೋಮೀಟರ್, ಮಾರಾಗೆ ಹೋಗೋ ಎಲ್ಲ ಸಫಾರಿ ಗಾಡಿಗಳೂ ಇದೇ ಪೇಟೆ ಮಧ್ಯೆ ಹಾದು ಹೋಗ್ತವೆ, ಪೆಟ್ರೋಲ್ ಹಾಕಿಸ್ಕೊಳ್ತವೆ, ಟಾಯ್ಲೆಟ್‌ಗೆ ನಿಲ್ಲಿಸ್ತವೆ, ಮ್ಯೂಸಿಯಂಗೆ ಮಾತ್ರ ಯಾರೂ ಇಳಿಯಲ್ಲ. ನಾನು ಹೋದಾಗೆಲ್ಲ ಒಳಗೆ ಒಂದು ಸ್ಕೂಲ್ ಮಕ್ಕಳ ಗುಂಪು ಬಿಟ್ರೆ ನಾವೇ. ಚಿಕ್ಕದು, ಬೇಗ ನೋಡಿ ಮುಗಿಯುತ್ತೆ, ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಇಷ್ಟೇನಾ ಅಂತ ನನ್ನ ಬೈಬೇಡಿ. ಆದ್ರೆ ಇಡೀ ಮ್ಯೂಸಿಯಂ ಮಸಾಯಿಗಳದ್ದು ಮತ್ತೆ ಅವರ ಭಾಷೆಯೇ ಆಡೋ ನೆಂಟರದ್ದು. ಅವರ ಭಾಷೆ ಹೆಸರು ಮಾ, ಅದನ್ನ ಆಡೋರು ಅಂತಲೇ ಮಸಾಯಿ ಅನ್ನೋ ಹೆಸರು, ಆದ್ರೆ ಉತ್ತರದ ಸಾಂಬುರುಗಳೂ ಅದನ್ನೇ ಆಡ್ತಾರೆ, ಬರಿಂಗೋ ಕೆರೆ ದಡದಲ್ಲಿ ಮೀನು ಹಿಡಿಯೋ ಇಲ್ಚಾಮುಸ್ ಅನ್ನೋರೂ ಆಡ್ತಾರೆ. ದನ ಕಾಯೋರು ಮೀನು ಮುಟ್ಟಲ್ಲ ಅಂತ ನಾವು ಓದಿರ್ತೀವಿ, ಅದೇ ಭಾಷೆಯವರು ದೋಣಿಯಲ್ಲಿ ಕೂತು ಬಲೆ ಹಾಕ್ತಾರೆ. ಹೆಸರುಗಳ ಅರ್ಥನೂ ಚೆಂದ: ನಾರೋಕ್ ಅಂದ್ರೆ ಕಪ್ಪು, ಅಲ್ಲಿನ ಹೊಳೆಗೆ ಕಪ್ಪು ನೀರು ಅಂತ ಹೆಸರು, ನೈರೋಬಿನೂ ಮಾ ಪದವೇ, ತಣ್ಣೀರಿನ ಜಾಗ ಅಂತ. ಅಕ್ಕನ ಮನೆ ಇರೋ ಊರಿಗೆ ಹೆಸರಿಟ್ಟಿದ್ದೂ ಇವರೇ ಅಂತಾಯ್ತು.

ಹೋಗೋದು ಹೆಂಗೆ ಅಂದ್ರೆ, ನೈರೋಬಿ ಡೌನ್‌ಟೌನ್‌ನಿಂದ ನಾರೋಕ್‌ಗೆ 14 ಸೀಟಿನ ಮಟಾಟು ಬೆಳಗಿಂದ ಸಂಜೆವರೆಗೂ ಹೊರಡ್ತಾ ಇರುತ್ತೆ, ಸೀಟ್ ತುಂಬಿದ ಮೇಲೇ ಹೊರಡೋದು, ನಮ್ಮ ಮ್ಯಾಕ್ಸಿಕ್ಯಾಬ್ ಥರಾನೇ. ಬೆಳಿಗ್ಗೆ ಆರೂವರೆಗೆ ಸ್ಟಾಂಡ್‌ನಲ್ಲಿರಿ, ಭಾವನ್ನೋ ಅವರ ಪರಿಚಯದೋರನ್ನೋ ಅಲ್ಲಿವರೆಗೆ ಕರ್ಕೊಂಡು ಹೋಗಿ, ಆ ಏರಿಯಾದಲ್ಲಿ ಮೊಬೈಲ್ ಕೈಯಲ್ಲಿ ಹಿಡ್ಕೊಂಡು ತಿರುಗೋದು ಬೇಡ. ಎರಡೂವರೆ ಮೂರು ಗಂಟೆ ದಾರಿ. ಎಡಗಡೆ ಕಿಟಕಿ ಹಿಡಿಯಿರಿ, ಲಿಮುರು ದಾಟಿ ಘಾಟಿ ಇಳಿಯುವಾಗ ಇಡೀ ರಿಫ್ಟ್ ಕಣಿವೆ ಎಡಕ್ಕೆ ಬಿಚ್ಕೊಳ್ಳುತ್ತೆ, ಆಗುಂಬೆ ಸೂರ್ಯಾಸ್ತದ ಪಾಯಿಂಟ್‌ನಲ್ಲಿ ನಿಂತಾಗ ಎದೆ ಝಲ್ ಅನ್ನುತ್ತಲ್ಲ ಅದರಪ್ಪ. ಘಾಟಿ ಕೆಳಗೆ ರಸ್ತೆ ಪಕ್ಕ ಒಂದು ಪುಟ್ಟ ಚರ್ಚ್ ಕಾಣುತ್ತೆ, ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿ ಸೈನಿಕರು ಈ ರಸ್ತೆ ಕೆಲಸ ಮಾಡ್ತಾ 1942ರಲ್ಲಿ ಕಟ್ಟಿದ್ದು. ಅದು ಮಸಾಯಿ ವಿಷಯ ಅಲ್ಲ, ಆದ್ರೆ ಕಣ್ಣಿಗೆ ಬೀಳುತ್ತೆ ಅಂತ ಹೇಳಿದೆ.

ನಾರೋಕ್‌ನಲ್ಲಿ ಮ್ಯೂಸಿಯಂ ಸಿಬ್ಬಂದಿ ಹತ್ರ ಹೋಗಿ ಮೊದಲು ಸೋಪಾ ಅನ್ನಿ, ಅದು ನಮಸ್ಕಾರ, ಅವರು ಎಪಾ ಅಂತಾರೆ. ಬರುವಾಗ ಅಶೆ ಒಲೆಂಗ್, ಅಂದ್ರೆ ತುಂಬಾ ಥ್ಯಾಂಕ್ಸ್. ಈ ಎರಡು ಮಾತಿಗೇ ಮುಖ ಅರಳುತ್ತೆ. ಆಮೇಲೆ ನಮಗೆ ಅವಸರ ಇಲ್ಲ, ಸ್ವಲ್ಪ ವಿವರಿಸ್ತೀರಾ ಅಂತ ಕೇಳಿ, ಗೈಡ್‌ಗೆ ಏನು ಕೊಡಬೇಕು ಅನ್ನೋದನ್ನೂ ಮುಂಚೆನೇ ಕೇಳ್ಕೊಳ್ಳಿ. ಉಳಿಸಿದ ದುಡ್ಡಲ್ಲಿ ಧಾರಾಳವಾಗಿ ಖರ್ಚು ಮಾಡಬೇಕಾದ ಜಾಗ ಇದೊಂದೇ, ಇಲ್ಲಿ ಜಿಪುಣತನ ಮಾಡಬೇಡಿ.

ಏನು ನೋಡಬೇಕು ಅಂದ್ರೆ, ಎಲ್ಲರೂ ಈಟಿ ಗುರಾಣಿ ಹತ್ರ ಹೋಗಿ ಫೋಟೋ ತೆಗೆಸ್ಕೊಳ್ತಾರೆ, ನೀವು ಸೋರೆಬುರುಡೆ ಹತ್ರ ನಿಲ್ಲಿ. ಮಸಾಯಿ ಮನೆಯಲ್ಲಿ ಹಾಲು ಇಡೋದು ಅದರಲ್ಲಿ, ಚರ್ಮದ ಪಟ್ಟಿ, ಮಣಿ ಹೊಲಿದು ಸಿಂಗಾರ ಮಾಡಿರ್ತಾರೆ. ನೀರು ಹಾಕಿ ತೊಳೆದು ಇಡೋದಲ್ಲ ಅದನ್ನ, ಕಾಡು ಆಲಿವ್ ಮರದ ಕೊಳ್ಳಿ ಸುಟ್ಟು ಕೆಂಡ ಆದ ತುದಿಯನ್ನ ಒಳಗೆ ಹಾಕಿ ಉಜ್ಜುತ್ತಾರೆ, ಹೊಗೆಯಿಂದ ಹಾಲು ಬೇಗ ಕೆಡಲ್ಲ, ರುಚಿನೂ ಬೇರೆ ಬರುತ್ತೆ. ನನಗೆ ಅದನ್ನ ವಿವರಿಸಿದ ಹೆಂಗಸು ಒಂದು ಹಳೇ ಬುರುಡೆ ಮುಚ್ಚಳ ತೆಗೆದು ಮೂಗಿನ ಹತ್ರ ಹಿಡಿದ್ರು, ಎಷ್ಟೋ ವರ್ಷದಿಂದ ಹಾಲು ಕಾಣದ ಬುರುಡೆ, ಇನ್ನೂ ಹೊಗೆ ವಾಸನೆ ಗಮ್ ಅಂತಿತ್ತು. ನಮ್ಮಜ್ಜಿ ಮಜ್ಜಿಗೆ ಗಡಿಗೆನ ತೊಳೆದು ಬಿಸಿಲಿಗೆ ಕವುಚಿ ಹಾಕ್ತಿದ್ದಿದ್ದು ನೆನಪಾಗಿ ಅವರಿಗೆ ಹೇಳಿದೆ, ಅಷ್ಟೇ, ಅಲ್ಲಿಂದ ಗೈಡು ಟೂರಿಸ್ಟು ಅನ್ನೋದು ಹೋಯ್ತು, ಇಬ್ಬರೂ ಹಾಲು ಒಡೆಯೋದರ ಬಗ್ಗೆ ಅರ್ಧ ಗಂಟೆ ಮಾತಾಡಿದ್ವಿ. ನಿಮ್ಮ ಅಜ್ಜಿ ಮನೆಯಲ್ಲಿ ದನ ಇದ್ರೆ ಅವುಗಳ ಬಗ್ಗೆ ಹೇಳಿ, ಫೋಟೋ ಇದ್ರೆ ಮೊಬೈಲಲ್ಲಿ ತೋರಿಸಿ. ಹಳ್ಳಿಕಾರ್ ಹೋರಿ ಕೋಡು ನೋಡಿ ಅವರು ಕಣ್ಣರಳಿಸಿದ್ದು ನಾನೇ ನೋಡಿದ್ದೀನಿ.

ಮನೆಯ ವಿಷಯಕ್ಕೆ ಬಂದ್ರೆ, ಮನೆ ಕಟ್ಟೋದು ಪೂರ್ತಿ ಹೆಂಗಸರ ಕೆಲಸ. ಗಳ ನೆಟ್ಟು, ರೆಂಬೆ ಹೆಣೆದು, ಮಣ್ಣು ಸಗಣಿ ಗಂಜಲ ಬೂದಿ ಕಲಸಿ ಮೆತ್ತೋದು, ಒಳಗೆ ನೆಟ್ಟಗೆ ನಿಂತ್ರೆ ತಲೆ ತಾಗುತ್ತೆ. ಸಗಣಿ ಅಂದ ತಕ್ಷಣ ಬಿಳಿಯರು ಮೂಗು ಮುಚ್ಕೊಳ್ತಾರೆ, ಅಂಗಳ ಸಾರಿಸಿದೋರ ಮೊಮ್ಮಕ್ಕಳು ನಾವು, ನಮಗೇನು. ಮನೆಗೆ ಎಂಕಾಜಿ ಅಂತಾರೆ, ಮನೆಗಳೆಲ್ಲ ಸುತ್ತಾಗಿ ಇರೋ ಹಟ್ಟಿಗೆ ಎಂಕಾಂಗ್. ಸುತ್ತ ಮುಳ್ಳಿನ ಬೇಲಿ ಹಾಕೋದು ಗಂಡಸರು, ಒಂದೊಂದು ಕುಟುಂಬದ ದನಕ್ಕೆ ಒಂದೊಂದು ಬಾಗಿಲು, ನಾಲ್ಕು ಬಾಗಿಲಿನ ಗುಟ್ಟು ಅದೇ. ಟೂರಿಸ್ಟ್‌ಗಳೆಲ್ಲ ಮನ್ಯಾಟಾ ಅಂತಾರಲ್ಲ, ಅದು ನಿಜವಾಗಿ ಯುವಕರು ಬೇರೆಯಾಗಿ ಇರೋ ಹಟ್ಟಿಯ ಹೆಸರು, ಈಗ ಎಲ್ಲದಕ್ಕೂ ಅದನ್ನೇ ಹೇಳಿ ಹೇಳಿ ಅದೇ ನಿಂತುಬಿಟ್ಟಿದೆ.

ಆ ಯುವಕರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಮ್ಯೂಸಿಯಂನ ಅರ್ಧ ವಸ್ತುಗಳು ಅವರದ್ದೇ. ಮಸಾಯಿ ಗಂಡಸಿನ ಬದುಕು ಒಬ್ಬನೇ ನಡೆಯೋ ದಾರಿ ಅಲ್ಲ, ಹತ್ತಿರ ಹತ್ತಿರ ವಯಸ್ಸಿನ ಹುಡುಗರೆಲ್ಲ ಸೇರಿ ಒಂದು ಬ್ಯಾಚು, ಆ ಬ್ಯಾಚಿಗೊಂದು ಹೆಸರು, ಸಾಯೋವರೆಗೂ ಅದೇ ಬ್ಯಾಚು. ಎಂಕಿಪಾಟಾ ಅನ್ನೋ ಆಚರಣೆಯಿಂದ ಹುಡುಗರು ಒಳಗೆ ಬರ್ತಾರೆ, ಸುನ್ನತಿ ಆದ ಮೇಲೆ ಇಲ್ಮುರ್ರಾನ್, ಅಂದ್ರೆ ಕಾವಲಿನ ಯುವಕರು, ಉದ್ದ ಕೂದಲು ಬಿಟ್ಟು ಕೆಮ್ಮಣ್ಣು ಹಚ್ಕೊಂಡು ಮೆರೆಯೋ ಕಾಲ. ಆಮೇಲೆ ಯೂನೋಟೋ, ಅವತ್ತು ಆ ಕೂದಲನ್ನ ತಾಯಿ ಕೂತು ಬೋಳಿಸ್ತಾಳೆ, ಎಷ್ಟೋ ಹುಡುಗರು ಅಳ್ತಾರಂತೆ, ಇನ್ಮೇಲೆ ಹುಡುಗಾಟ ಮುಗೀತು ಅಂತ. ಕೊನೆಗೆ ಒಲ್ಂಗೆಶೆರ್, ಮಾಂಸದ ಊಟದ ಶಾಸ್ತ್ರ, ಅಲ್ಲಿಂದ ಹಿರಿಯರ ಸಾಲು. ಈ ಮೂರನ್ನೂ ಯುನೆಸ್ಕೋ 2018ರಲ್ಲಿ ತುರ್ತಾಗಿ ಉಳಿಸಬೇಕಾದ ಪರಂಪರೆ ಪಟ್ಟಿಗೆ ಸೇರಿಸಿದೆ. ತುರ್ತು ಯಾಕೆ ಅಂತ ಗೈಡ್‌ನ ಕೇಳಿ, ಸ್ಕೂಲು, ಜಮೀನು ತುಂಡು ತುಂಡಾಗಿದ್ದು, ಬೇಲಿ, ಬರಗಾಲ, ಎಲ್ಲ ಬರುತ್ತೆ ಮಾತಲ್ಲಿ. ಸಿಂಹ ಕೊಂದಿದ್ದೀರಾ ಅಂತ ಮಾತ್ರ ಕೇಳಬೇಡಿ, ಎಲ್ಲ ಟೂರಿಸ್ಟೂ ಅದನ್ನೇ ಕೇಳಿ ಅವರಿಗೆ ಸಾಕಾಗಿದೆ. ಅದು ಕಾನೂನು ಪ್ರಕಾರ ನಿಷೇಧ, 2012ರಿಂದ ದಕ್ಷಿಣ ಕೆನ್ಯಾದ ಅಂಬೋಸೆಲಿ ಕಡೆ ಸಿಂಹದ ಬೇಟೆ ಬದಲು ಮಸಾಯಿ ಒಲಿಂಪಿಕ್ಸ್ ಅಂತ ಓಟ, ಈಟಿ ಎಸೆತ, ಎಗರಾಟದ ಸ್ಪರ್ಧೆ ನಡೆಸ್ತಾರೆ, ಬೇಕಾದ್ರೆ ಅದನ್ನ ಕೇಳಿ.

ಹಾಲಿನ ಜೊತೆ ರಕ್ತ ಕುಡಿಯೋ ವಿಷಯನೂ ಬರುತ್ತೆ. ಒಂದು ಚಿಕ್ಕ ಬಾಣ ತೋರಿಸ್ತಾರೆ, ತುದಿ ಜಾಸ್ತಿ ಒಳಗೆ ಹೋಗದ ಹಾಗೆ ಅಡ್ಡ ಕಟ್ಟಿರ್ತಾರೆ, ದನದ ಕುತ್ತಿಗೆ ನರಕ್ಕೆ ಹೊಡೆದು ಸ್ವಲ್ಪ ರಕ್ತ ಹಿಡಿದು ಗಾಯ ಮುಚ್ಚಿಬಿಡ್ತಾರೆ, ದನ ಸಾಯಲ್ಲ. ಬಾಣಂತಿಯರಿಗೆ, ಕಾಯಿಲೆ ಬಿದ್ದೋರಿಗೆ, ಸುನ್ನತಿ ಆದ ಹುಡುಗರಿಗೆ ಕೊಡೋದು ಹಳೇ ರೂಢಿ. ಈಗ ದಿನದ ಊಟ ಅಂದ್ರೆ ಉಗಾಲಿ, ಅದೇ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಮತ್ತೆ ಸಕ್ಕರೆ ಸುರಿದ ಹಾಲಿನ ಚಹಾ.

ಹೆಣ್ಣುಮಕ್ಕಳ ಜನನಾಂಗ ಕತ್ತರಿಸೋ ಪದ್ಧತಿ ಬಗ್ಗೆ ಮ್ಯೂಸಿಯಂನಲ್ಲಿ ಎದುರಾದ್ರೆ ಮುಖ ತಿರುಗಿಸ್ಕೊಂಡು ಮುಂದೆ ಹೋಗಬೇಡಿ. ಕೆನ್ಯಾದಲ್ಲಿ 2011ರ ಕಾನೂನಿಂದ ಅದು ಅಪರಾಧ, ವಿರುದ್ಧ ನಿಂತು ಹೋರಾಡ್ತಿರೋರಲ್ಲಿ ಮಸಾಯಿ ಹೆಂಗಸರೇ ಮುಂದೆ ಇದ್ದಾರೆ, ಕತ್ತರಿಸೋದು ಬಿಟ್ಟು ಉಳಿದ ಹರಸೋದು, ಹಾಡು ಎಲ್ಲ ಮಾಡಿ ಹುಡುಗಿಯನ್ನ ದೊಡ್ಡೋಳು ಅಂತ ಒಪ್ಪೋ ಬದಲಿ ಆಚರಣೆಗಳೂ ನಡೀತಿವೆ. ಗೌರವದಿಂದ ಕೇಳಿದ್ರೆ ಉತ್ತರ ಸಿಗುತ್ತೆ, ಆದ್ರೆ ನೀವು ಗಂಡು ಹುಡುಗ, ಗೈಡ್ ಹೆಣ್ಣುಮಗಳಾದ್ರೆ ಅವರಾಗೇ ಮಾತೆತ್ತಿದ್ರೆ ಮಾತ್ರ ಮುಂದುವರಿಸಿ.

ಒಂದು ವಿಷಯ ಫಲಕಗಳಲ್ಲಿ ಸಾಮಾನ್ಯವಾಗಿ ಒಂದೆರಡು ಸಾಲಲ್ಲಿ ಮುಗಿದುಹೋಗುತ್ತೆ, ನೀವೇ ಕೆದಕಬೇಕು: ಇವರು ಈ ನಾರೋಕ್ ಕಡೆ ಇಷ್ಟು ಜನ ಇರೋದು ಯಾಕೆ? 1890ರ ದಶಕದಲ್ಲಿ ದನಗಳಿಗೆ ದೊಡ್ಡರೋಗ ಬಂದು, ಜನರಿಗೆ ಸಿಡುಬು ಬಂದು, ಬರಗಾಲನೂ ಸೇರಿ ಸಮುದಾಯ ನೆಲಕಚ್ಚಿತ್ತು. ಆ ಗಾಯ ಆರೋ ಮುಂಚೆ ಬ್ರಿಟಿಷರು 1904ರಲ್ಲಿ ಒಂದು ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿಸ್ಕೊಂಡು ರಿಫ್ಟ್ ಕಣಿವೆಯ ಒಳ್ಳೇ ಹುಲ್ಲುಗಾವಲು ಬಿಳಿಯರಿಗೆ ಬಿಡಿಸಿದ್ರು, ಬದಲಿಗೆ ಉತ್ತರದಲ್ಲಿ ಲೈಕಿಪಿಯಾ ನಿಮ್ಮದೇ ಅಂದ್ರು, ಏಳೇ ವರ್ಷಕ್ಕೆ 1911ರಲ್ಲಿ ಇನ್ನೊಂದು ಒಪ್ಪಂದ ಮಾಡಿ ಅದನ್ನೂ ಖಾಲಿ ಮಾಡಿಸಿ ದನಕರು ಸಮೇತ ದಕ್ಷಿಣಕ್ಕೆ ಅಟ್ಟಿದ್ರು. ಮಸಾಯಿಗಳು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದ್ರು, 1913ರಲ್ಲಿ ಕೋರ್ಟು ಇದು ಎರಡು ರಾಜ್ಯಗಳ ನಡುವಿನ ಒಪ್ಪಂದ, ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಕೇಸು ವಜಾ ಮಾಡ್ತು. ಆಳೋವಾಗ ಪ್ರಜೆ, ನ್ಯಾಯ ಕೇಳಿದಾಗ ಬೇರೆ ರಾಜ್ಯ! ಹಂಗೆ ದಕ್ಷಿಣಕ್ಕೆ ಬಂದ ನೆಲದಲ್ಲೇ ಇವತ್ತಿನ ನಾರೋಕ್ ಇರೋದು. ಇದು ತಲೆಯಲ್ಲಿದ್ರೆ ಆ ಹಳೇ ಗುರಾಣಿ ನೋಡೋ ಕಣ್ಣೇ ಬೇರೆ ಆಗುತ್ತೆ.

ವಸ್ತುಗಳ ಮುಂದೆ ನಿಂತಾಗ ಇದನ್ನ ಕೊಟ್ಟೋರು ಯಾರು ಅಂತ ಕೇಳೋ ಅಭ್ಯಾಸ ಮಾಡ್ಕೊಳ್ಳಿ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪಿಟ್ ರಿವರ್ಸ್ ಮ್ಯೂಸಿಯಂ ಇದೆ, ಪ್ರವೇಶ ಉಚಿತ, ಆ ಕಡೆ ಇರೋ ಕನ್ನಡದವರು ಇದನ್ನ ಓದ್ತಿದ್ರೆ ಹೋಗಿ ನೋಡಿ. 2017ರಲ್ಲಿ ತಾಂಜಾನಿಯಾದ ಮಸಾಯಿ ಹೋರಾಟಗಾರ ಸ್ಯಾಮ್ವೆಲ್ ನಂಗಿರಿಯಾ ಅಲ್ಲಿಗೆ ಹೋದಾಗ ಅಲ್ಲಿರೋ ಕೆಲವು ಆಭರಣ ನೋಡಿ, ಇವು ಅಪ್ಪನಿಂದ ಮಗನಿಗೆ ಹೋಗೋ ವಸ್ತು, ಯಾರೂ ಮಾರಲ್ಲ, ದಾನನೂ ಕೊಡಲ್ಲ, ಇಲ್ಲಿಗೆ ಹೆಂಗೆ ಬಂತು ಅಂತ ಕೇಳಿದ್ರು. ಆಮೇಲೆ ಮಸಾಯಿ ಹಿರಿಯರು ಹೋಗಿ ಅಂಥ ಐದು ವಸ್ತು ಗುರುತಿಸಿದ್ರು, ಮ್ಯೂಸಿಯಂನವರೂ ಕೂತು ಮಾತಾಡಿದ್ರು. ಮಣಿಯ ಬಣ್ಣಗಳಿಗೆ ಅರ್ಥ ಬರೆದ ಚಾರ್ಟ್ ಎಲ್ಲ ಕಡೆ ಸಿಗುತ್ತೆ, ಕೆಂಪು ಅಂದ್ರೆ ಧೈರ್ಯ, ಬಿಳಿ ಹಾಲು, ನೀಲಿ ಆಕಾಶ, ಹಸಿರು ಹುಲ್ಲು ಅಂತ. ಸುಳ್ಳಲ್ಲ, ಆದ್ರೆ ಅದು ಬಾಲಪಾಠ. ಸರ ಹಾಕ್ಕೊಂಡೋಳು ಮದುವೆ ಆದೋಳಾ, ಮಗ ಯಾವ ಹಂತದಲ್ಲಿದ್ದಾನೆ, ಯಾವ ಪಂಗಡದೋಳು, ಅದೆಲ್ಲ ಬಣ್ಣಗಳ ಜೋಡಣೆಯಲ್ಲಿರುತ್ತೆ, ನಮ್ಮ ಕಡೆ ಕರಿಮಣಿ ಕಾಲುಂಗುರ ನೋಡಿ ಹೇಳ್ತೀವಲ್ಲ ಹಂಗೆ.

ಇನ್ನು ತಾಂಜಾನಿಯಾದ ಮಾತು. ಅರುಶಾ ಪೇಟೆಯಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್, ಗೊರೊಂಗೊರೊ ಕಡೆ ಹೋಗೋ ಹೆದ್ದಾರಿಯಲ್ಲಿ ಮೆಸೆರಾನಿ ಸ್ನೇಕ್ ಪಾರ್ಕ್ ಇದೆ, ಅದರ ಜೊತೆಗೇ ಒಂದು ಮಸಾಯಿ ಸಂಸ್ಕೃತಿ ಮ್ಯೂಸಿಯಂ. ಅಲ್ಲಿ ಗಾಜಿನ ಪೆಟ್ಟಿಗೆ ಕಡಿಮೆ, ಮನುಷ್ಯನ ಅಳತೆಯ ಗೊಂಬೆಗಳನ್ನ ಮಾಡಿ ಮನೆ, ಅಡುಗೆ, ಸುನ್ನತಿ, ಎಲ್ಲ ದೃಶ್ಯ ಜೋಡಿಸಿದ್ದಾರೆ, ನಮ್ಮ ಜಾನಪದ ಲೋಕದ ನೆನಪು ಬರುತ್ತೆ. ಅಲ್ಲಿನ ಮಸಾಯಿ ಗೈಡೇ ಜೊತೆ ಬಂದು ವಿವರಿಸ್ತಾರೆ, ಪಕ್ಕದಲ್ಲೇ ಟೆಂಟ್ ಹಾಕೋಕೆ ಜಾಗ ಇದೆ, ಕಡಿಮೆ ದುಡ್ಡಲ್ಲಿ ಆಫ್ರಿಕಾ ಸುತ್ತೋ ಹುಡುಗರ ಅಡ್ಡಾ ಅದು. ಅರುಶಾದಿಂದ ಕರಾಟು ಕಡೆ ಹೋಗೋ ಬಸ್ ಹತ್ತಿ ಸ್ನೇಕ್ ಪಾರ್ಕ್ ಅಂದ್ರೆ ಇಳಿಸ್ತಾರೆ. ಚೆನ್ನಾಗಿದೆ, ಆದ್ರೆ ನಿಮಗೆ ಬೇಡ ಅಂತೀನಿ. ನೈರೋಬಿಯಿಂದ ಅರುಶಾಗೆ ನಮಂಗಾ ಗಡಿ ದಾಟಿ ಐದಾರು ಗಂಟೆ ಶಟಲ್, ತಾಂಜಾನಿಯಾ ವೀಸಾನೇ 50 ಡಾಲರ್, ವಾಪಸ್ ಕೆನ್ಯಾ ಒಳಗೆ ಬರೋಕೆ ನಿಮ್ಮ ಹಳೇ ಪರ್ಮಿಷನ್ ನಡೆಯುತ್ತಾ ಅಂತ ವಿಚಾರಿಸೋ ತಲೆನೋವು ಬೇರೆ. ಬರೀ ಮ್ಯೂಸಿಯಂಗೋಸ್ಕರ ಅಷ್ಟು ಮಾಡಬೇಡಿ. ಯಾವತ್ತಾದ್ರೂ ಕಿಲಿಮಂಜಾರೋ ಕಡೆ ಹೋದ್ರೆ ಆಗ ನೋಡಿ.

ಊಟಕ್ಕೆ ತೊಂದರೆ ಇಲ್ಲ, ನಾರೋಕ್‌ನ ಚಿಕ್ಕ ಹೋಟೆಲ್‌ನಲ್ಲೂ ಚಪಾತಿ ಎಂಡೆಂಗು ಕೇಳಿ, ಎಂಡೆಂಗು ಅಂದ್ರೆ ಹೆಸರುಕಾಳು ಸಾರು, ಮಾಂಸ ತಿನ್ನದೋರಿಗೆ ಅದೇ ದೇವರು. ಸೊಪ್ಪಿನ ಪಲ್ಯಕ್ಕೆ ಸುಕುಮಾ ವಿಕಿ ಅಂತಾರೆ. ಮಣಿಸರ ಕೊಳ್ಳೋದಿದ್ರೆ ನೈರೋಬಿಯ ಮಸಾಯಿ ಮಾರ್ಕೆಟ್‌ನಲ್ಲಿ, ಅದು ವಾರದ ದಿನಕ್ಕೊಂದು ಜಾಗದಲ್ಲಿ ನಡೆಯುತ್ತೆ, ಹೇಳಿದ ರೇಟಿನ ಅರ್ಧದಿಂದ ಶುರು ಮಾಡಿ. ಜನರ ಫೋಟೋ ತೆಗೆಯೋ ಮುಂಚೆ ಕೇಳಿ, ಬೇಡ ಅಂದ್ರೆ ಬಿಡಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಲಗೇಜಲ್ಲಿ ಬೇಡ, 2017ರಿಂದ ಕೆನ್ಯಾದಲ್ಲಿ ನಿಷೇಧ, ಅಕ್ಕನಿಗೆ ಚಕ್ಕುಲಿ ಕೋಡುಬಳೆ ಒಯ್ಯೋದು ಡಬ್ಬಿಯಲ್ಲಿ ಹಾಕ್ಕೊಳ್ಳಿ.

ಹೊರಡೋ ಮುಂಚೆ ಎರಡು ಕೆಲಸ. ಕೆನ್ಯಾಗೆ ಈಗ ವೀಸಾ ಬದಲು ಇ-ಟಿಎ ಅಂತ ಆನ್‌ಲೈನ್ ಪರ್ಮಿಷನ್, 2024ರ ಜನವರಿಯಿಂದ, ಸುಮಾರು 30 ಡಾಲರ್ ಚಿಲ್ಲರೆ, ಸರ್ಕಾರಿ ಸೈಟಲ್ಲೇ ಮಾಡಿ, ಗೂಗಲ್‌ನಲ್ಲಿ ಮೇಲೆ ಬರೋ ಏಜೆಂಟ್ ಸೈಟ್‌ಗಳು ಡಬಲ್ ಕೀಳ್ತವೆ. ಇನ್ನೊಂದು, ಯೆಲ್ಲೋ ಫೀವರ್ ಲಸಿಕೆ, ಇದನ್ನ ಮರೀಬೇಡಿ, ಸರ್ಕಾರ ಒಪ್ಪಿಗೆ ಕೊಟ್ಟ ಸೆಂಟರ್‌ಗಳಲ್ಲಿ ಮಾತ್ರ ಹಾಕ್ತಾರೆ, ಹೊರಡೋಕೆ ಕನಿಷ್ಠ 10 ದಿನ ಮುಂಚೆ ಆಗಿರಬೇಕು, ಒಂದು ಸಲ ಹಾಕಿಸಿದ್ರೆ ಜೀವಮಾನಕ್ಕೆ ಸಾಕು. ಅಲ್ಲಿಗೆ ಹೋಗುವಾಗಿಂತ ವಾಪಸ್ ಭಾರತಕ್ಕೆ ಇಳಿದಾಗ ಲಸಿಕೆ ಹಾಕಿದ್ದಕ್ಕೆ ಕೊಡೋ ಹಳದಿ ಪುಸ್ತಕ ಕೇಳ್ತಾರೆ, ಇಲ್ಲಾಂದ್ರೆ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಕೂರಿಸೋ ಅಧಿಕಾರ ಅವರಿಗಿದೆ. ಮುಂಬೈನಲ್ಲಿ ಇಳಿದು ಆರು ದಿನ ಗೋಡೆ ನೋಡ್ಕೊಂಡು ಕೂತ್ರೆ ಉಳಿಸಿದ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಾರೋಕ್‌ಗೆ ಹೋಗೋದು ಶನಿವಾರ ಇಟ್ಕೊಳ್ಳಿ, ಭಾವನಿಗೂ ರಜಾ ಇರುತ್ತೆ, ಅವರನ್ನೂ ಎಳ್ಕೊಂಡು ಹೋಗಿ. ಅಲ್ಲೇ ವಾಸ ಇರೋರಾದ್ರಿಂದ ಅವರ ಕಾರ್ಡ್ ತೋರಿಸಿದ್ರೆ ಟಿಕೆಟ್ ನಿಮ್ಮದಕ್ಕಿಂತ ಕಡಿಮೆನೇ ಆಗುತ್ತೆ. ಸೋರೆಬುರುಡೆ ಹತ್ರ ನಿಲ್ಲಿಸಿ, ಮುಚ್ಚಳ ತೆಗೆಸಿ, ಮೊದಲು ಅವರ ಮೂಗಿಗೇ ಹಿಡಿಸಿ.